ಮೂಕಿ ಎದ್ದ ಗಾಡಿ: ಪಿಕಪ್ ಹಿಂದೆ ಭಾರದ ಟ್ರೇಲರ್ ಕಟ್ಟಿದಾಗ ಬರುವ ತೊಂದರೆ, ಹುಡುಕುವ ಬಗೆ

ಅಂಕೋಲಾ ದಾಟಿ ಹತ್ತು ನಿಮಿಷ ಆಗಿತ್ತು. ಹೆದ್ದಾರಿ 66 ನೆಟ್ಟಗೆ, ಅಗಲಕ್ಕೆ ಇತ್ತು. ಸ್ಪೀಡೋಮೀಟರ್‌ನಲ್ಲಿ 70. ಹಿಂದಿನಿಂದ ಬಂದ ಸ್ಲೀಪರ್ ಬಸ್ಸೊಂದು ಪಕ್ಕದಲ್ಲೇ ಸೊಂಯ್ ಎಂದು ಮುಂದೆ ಹೋಯಿತು. ಅಷ್ಟೇ ಸಾಕಾಯಿತು. ಕನ್ನಡಿಯಲ್ಲಿ ನೋಡಿದರೆ ನಮ್ಮ ಟ್ರೇಲರ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಾಲ ಬೀಸುತ್ತಿದೆ. ಮೂರನೇ ಸಲಕ್ಕೆ ಪಿಕಪ್ಪಿನ ಹಿಂಭಾಗವನ್ನೂ ಎಳೆದಾಡತೊಡಗಿತು. ನಾನು ಗಾಬರಿಯಲ್ಲಿ ಬ್ರೇಕ್ ತುಳಿದೆ. ಅದು ತಪ್ಪು. ಯಾಕೆ ತಪ್ಪು ಎಂದು ಮುಂದೆ ಹೇಳುತ್ತೇನೆ. ನಮ್ಮ ಪುಣ್ಯ, ಹಿಂದೆ ಯಾವ ಲಾರಿಯೂ ಇರಲಿಲ್ಲ.

ಗಾಡಿ ಯಾವುದು ಅಂದರೆ, ಡೀಸೆಲ್ ಡಬಲ್ ಕ್ಯಾಬ್ ಪಿಕಪ್, ನಾಲ್ಕೂ ಚಕ್ರಕ್ಕೆ ಎಳೆತ ಇರುವಂಥದ್ದು. ಅದರ ಹಿಂದೆ ಮಲಗಲು, ಅಡುಗೆ ಮಾಡಲು ಜಾಗ ಇರುವ ಎರಡು ಆಕ್ಸಲ್‌ನ ಟ್ರೇಲರ್. ಮನೆ ಕಾರವಾರದಲ್ಲಿ. ಹೊರಟಿದ್ದು ಶಿರಸಿಗೆ, ಮಾರಿಕಾಂಬಾ ಜಾತ್ರೆಗೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರು ತುಂಬ ಜನ, ಲಾಡ್ಜಿನಲ್ಲಿ ರೂಮು ಸಿಗುವುದು ಕಷ್ಟ. ನಮ್ಮ ಮನೆಯನ್ನೇ ಎಳೆದುಕೊಂಡು ಹೋಗೋಣ ಎಂಬ ಹುಮ್ಮಸ್ಸು.

ಅಲ್ಲಿಂದ ಮುಂದೆ ಎರಡು ತಿಂಗಳು ನಾನು ಮಾಡಿದ್ದೆಲ್ಲ ದಂಡ. ಒಬ್ಬರು ಮೆಕ್ಯಾನಿಕ್ ಹಿಂದಿನ ಶಾಕ್ ಅಬ್ಸಾರ್ಬರ್ ಹೋಗಿದೆ ಎಂದರು, ಬದಲಾಯಿಸಿದೆ. ಟೈರ್ ಅಂಗಡಿಯವರು ಅಲೈನ್‌ಮೆಂಟ್ ಮಾಡಿದರು. ಮತ್ತೊಬ್ಬರು ಪಾಟಾಕ್ಕೆ, ಅಂದರೆ ಹಿಂದಿನ ಸ್ಪ್ರಿಂಗಿಗೆ, ಇನ್ನೊಂದು ಪಟ್ಟಿ ಸೇರಿಸಿ ಎಂದರು. ಓಲಾಟ ಮಾತ್ರ ಹೋಗಲಿಲ್ಲ. ಕೊನೆಗೆ ಇದನ್ನು ಹಿಡಿದವರು ಶಿರಸಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಪ್ಪ. ಅಡಿಕೆ ತೋಟ, ಹಿಂದೆ ಎತ್ತಿನ ಗಾಡಿ ಹೊಡೆದ ಕೈ. ಟ್ರೇಲರನ್ನು ಅಂಗಳದಲ್ಲಿ ಬಿಚ್ಚಿ ನಿಲ್ಲಿಸಿದ್ದೆ. ಒಂದು ಸುತ್ತು ಬಂದರು. "ತಮಾ, ಇದರ ಮೂಕಿ ಎತ್ತು ನೋಡುವಾ" ಎಂದರು. ಮೂಕಿ ಎಂದರೆ ಎತ್ತಿನ ಗಾಡಿಯ ಮುಂದೆ ಚಾಚಿರುವ, ನೊಗ ಕಟ್ಟುವ ಮರ; ಟ್ರೇಲರಿನಲ್ಲಿ ಪಿಕಪ್ಪಿಗೆ ಕಟ್ಟುವ ಮುಂದಿನ ಕೈ. ಅದರ ತುದಿಯಲ್ಲಿ ಪಿಕಪ್ಪಿಗೆ ಸಿಕ್ಕಿಸುವ ಕಪ್ಲರ್ ಕೆಳಗೆ ಎರಡೂ ಕೈ ಕೊಟ್ಟು ಎತ್ತಿದೆ. ಎದ್ದಿತು! ಎರಡು ಟನ್ನಿನ ಗಾಡಿಯ ಮೂತಿ ಒಬ್ಬನ ಕೈಗೆ ಎದ್ದಿತು. "ಹಿಂಭಾರ ಆಗಿದೆ ಮಾರಾಯಾ. ಹೀಗೆ ಹೇರಿದರೆ ಎತ್ತಿನ ಕುತ್ತಿಗೆಯಿಂದ ನೊಗವೇ ಮೇಲೆ ಹೋಗ್ತದೆ. ನಿನ್ನ ಪಿಕಪ್ ಏನು ಮಾಡ್ತದೆ ಪಾಪ."

ಇಂಗ್ಲಿಷಿನಲ್ಲಿ ಇದಕ್ಕೆ ನಾಲಿಗೆಯ ಭಾರ ಅಂತಾರೆ. ನಮಗೆ ಮೂಕಿ ಭಾರ ಎಂಬ ಮಾತೇ ಚೆಂದ, ಅಲ್ವಾ? ಕಪ್ಲರ್ ಪಿಕಪ್ಪಿನ ಹಿಂದಿರುವ ಬಾಲ್ (ಕಬ್ಬಿಣದ ಗುಂಡು) ಮೇಲೆ ಕೆಳಮುಖವಾಗಿ ಎಷ್ಟು ಕಿಲೋ ಕೂರುತ್ತದೆ, ಅದೇ ಮೂಕಿ ಭಾರ. ಭಾರದ ಟ್ರೇಲರಿಗೆ ಅದು ಟ್ರೇಲರಿನ ಒಟ್ಟು ತೂಕದ ನೂರಕ್ಕೆ 10ರಿಂದ 15 ಇರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಬೀಸುತ್ತದೆ. ಜಾಸ್ತಿಯಾದರೆ ಪಿಕಪ್ಪಿನ ಹಿಂಭಾಗ ಕೂತು ಸ್ಟೀರಿಂಗ್ ಹಗುರವಾಗುತ್ತದೆ. ಯುರೋಪಿನ ಮಾದರಿಯ ಓವರ್‌ರನ್ ಕಪ್ಲರ್ (ಪಿಕಪ್ ನಿಧಾನಿಸಿದಾಗ ಟ್ರೇಲರ್ ದೂಡುವ ಬಲದಿಂದಲೇ ಅದರ ಬ್ರೇಕ್ ಹಿಡಿಸುವಂಥದ್ದು) ಇದ್ದವರು ಮಾತ್ರ ಸ್ವಲ್ಪ ಜೋಪಾನ. ಅದರ ತಗಡಿನಲ್ಲಿ ಮೇಲಿನ ಮಿತಿ 100 ಅಥವಾ 150 ಕಿಲೋ ಎಂದು ಬರೆದಿರಬಹುದು. ಆ ಮಿತಿ ದಾಟಬಾರದು.

ಮೊದಲು ತೂಕ, ಆಮೇಲೆ ಸ್ಪ್ಯಾನರ್

ಯಾವ ತೊಂದರೆಯೇ ಇರಲಿ, ನಾನೀಗ ಮೊದಲು ಹೋಗುವುದು ಲಾರಿ ತೂಗುವ ವೇಬ್ರಿಜ್ಜಿಗೆ. ಚಿರೆಕಲ್ಲು, ಜಲ್ಲಿ, ಅಡಿಕೆ ಸಾಗಿಸುವ ನಮ್ಮ ಜಿಲ್ಲೆಯಲ್ಲಿ ವೇಬ್ರಿಜ್ಜಿಗೆ ಬರಗಾಲ ಇಲ್ಲ. ಪ್ರವಾಸಕ್ಕೆ ಹೊರಡುವಾಗ ಹೇಗೆ ತುಂಬುತ್ತೀರೋ ಹಾಗೆಯೇ ತುಂಬಿಕೊಂಡು ಹೋಗಿ. ಜನ ಒಳಗೆ ಕೂತಿರಲಿ, ನೀರು, ಗ್ಯಾಸು ಎಲ್ಲ ಇರಲಿ. ಮೂರು ಸಲ ತೂಗಿಸಬೇಕು.

ಒಂದು, ಪಿಕಪ್, ಟ್ರೇಲರ್ ಎರಡೂ ಸೇರಿ. ಎರಡು, ಟ್ರೇಲರ್ ಕಟ್ಟಿಕೊಂಡೇ, ಆದರೆ ಪಿಕಪ್ಪಿನ ನಾಲ್ಕು ಚಕ್ರ ಮಾತ್ರ ತಟ್ಟೆಯ ಮೇಲೆ. ಮೂರು, ಟ್ರೇಲರ್ ಬಿಚ್ಚಿಟ್ಟು ಪಿಕಪ್ ಒಂದೇ. ಎರಡನೆಯದರಲ್ಲಿ ಮೂರನೆಯದನ್ನು ಕಳೆದರೆ ಸಿಗುವುದೇ ಮೂಕಿ ಭಾರ. ಒಂದನೆಯದರಲ್ಲಿ ಮೂರನೆಯದನ್ನು ಕಳೆದರೆ ಟ್ರೇಲರಿನ ಒಟ್ಟು ತೂಕ.

ನಮ್ಮ ಚೀಟಿಗಳಲ್ಲಿ ಇದ್ದದ್ದು: 4,260, 2,220, 2,140. ಅಂದರೆ ಟ್ರೇಲರ್ 2,120 ಕಿಲೋ, ಮೂಕಿ ಭಾರ ಬರೀ 80. ನೂರಕ್ಕೆ ನಾಲ್ಕೂ ಇಲ್ಲ. ಶಾಕ್ ಅಬ್ಸಾರ್ಬರ್ ಪಾಪ ಏನು ಮಾಡೀತು?

ಹಿಂಭಾರ ಎಲ್ಲಿಂದ ಬಂತು ಎಂದು ಲೆಕ್ಕ ಹಾಕುವುದು ಸುಲಭ. ತಕ್ಕಡಿಯ ಲೆಕ್ಕವೇ. ಎರಡು ಆಕ್ಸಲ್‌ಗಳ ನಡುವಿನಿಂದ ಬಾಲ್‌ಗೆ ನಮ್ಮಲ್ಲಿ 4 ಮೀಟರ್. ನೀರಿನ ಟ್ಯಾಂಕು ಆಕ್ಸಲಿಗಿಂತ ಒಂದೂವರೆ ಮೀಟರ್ ಹಿಂದೆ. 100 ಲೀಟರ್ ನೀರೆಂದರೆ 100 ಕಿಲೋ. 100 ಇಂಟು ಒಂದೂವರೆ, ಭಾಗಿಸು 4. ಸುಮಾರು 37 ಕಿಲೋ ಮೂಕಿಯಿಂದ ಕಡಿಮೆಯಾಗುತ್ತದೆ. ತೀರಾ ಹಿಂದೆ, ಹೊರಗೆ ನೇತುಹಾಕಿದ್ದ 40 ಕಿಲೋ ಜನರೇಟರ್ ಮತ್ತು ಮಕ್ಕಳ ಸೈಕಲ್‌ಗಳು ಇನ್ನೊಂದು 36 ಕಿಲೋ ತಿಂದಿದ್ದವು. ಅಡುಗೆಮನೆಯೂ ಹಿಂದೆಯೇ. ಅಲ್ಲಿ ತುಂಬಿದ ಸಿಲಿಂಡರ್ ಬೇರೆ. ಮನೆಯ 14.2 ಕಿಲೋ ಸಿಲಿಂಡರಿನ ಖಾಲಿ ತೂಕವೇ ಸುಮಾರು 15 ಕಿಲೋ, ಎರಡೂ ಸೇರಿ 30 ಹತ್ತಿರ. ಟ್ರೇಲರ್ ಮಾಡಿಕೊಟ್ಟವರು ನೋಡಲು ಚೆಂದವಾಗಲೆಂದು ಎಲ್ಲವನ್ನೂ ಹಿಂದಕ್ಕೆ ತಳ್ಳಿದ್ದರು.

ನಾವು ಮಾಡಿದ್ದು ಇಷ್ಟೇ. ಟ್ಯಾಂಕು ಖಾಲಿ. ಶಿರಸಿ ಏನು ನೀರು ಸಿಗದ ಊರೇ? ಜನರೇಟರ್, ಸಿಲಿಂಡರ್ ಎರಡಕ್ಕೂ ಮೂಕಿ ಹತ್ತಿರ ಭದ್ರವಾದ ಚೌಕಟ್ಟು ಕಟ್ಟಿಸಿದೆವು, ಸಿಲಿಂಡರಿಗೆ ಪ್ರತ್ಯೇಕ ಗೂಡು, ಗಾಳಿಯಾಡುವಂತೆ. ಸೈಕಲ್ ಪಿಕಪ್ಪಿನ ಬೆನ್ನಿಗೆ. ಮತ್ತೆ ತೂಗಿಸಿದರೆ ಟ್ರೇಲರ್ 2,000, ಮೂಕಿ 220. ನೂರಕ್ಕೆ 11. ಮರುದಿನ ಅದೇ ರಸ್ತೆಯಲ್ಲಿ ಅದೇ ಥರದ ಬಸ್ಸು ಪಕ್ಕದಲ್ಲೇ ಹೋಯಿತು. ಟ್ರೇಲರ್ ಒಂದು ಸಲ ಮೈ ಅಲುಗಿಸಿ ಸುಮ್ನೆ ಹಿಂದೆ ಬಂತು.

ವೇಬ್ರಿಜ್ ದೂರ ಇದ್ದರೆ ಮನೆಯ ತೂಕದ ಯಂತ್ರದಲ್ಲೂ ನೋಡಬಹುದು. ಗಟ್ಟಿ ಹಲಗೆಯ ಒಂದು ತುದಿಯ ಕೆಳಗೆ ಕಬ್ಬಿಣದ ಪೈಪು, ಇನ್ನೊಂದು ತುದಿಯ ಕೆಳಗೆ ತೂಕದ ಯಂತ್ರ. ಎರಡರ ನಡುವೆ 120 ಸೆಂಟಿಮೀಟರ್. ಪೈಪಿನಿಂದ 30 ಸೆಂಟಿಮೀಟರ್ ದೂರದಲ್ಲಿ ಟ್ರೇಲರಿನ ಮೂಕಿ ಇಳಿಸಿ. ಯಂತ್ರ ತೋರಿಸಿದ್ದನ್ನು ನಾಲ್ಕರಿಂದ ಗುಣಿಸಿ. ಇದನ್ನು ಮಾಡುವ ಮೊದಲು ಟ್ರೇಲರಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಚಿರೆಕಲ್ಲಿನ ತುಂಡು ಬೇಡ, ಒತ್ತಡಕ್ಕೆ ಪುಡಿಯಾಗುತ್ತದೆ. ಮರದ ಗುಟ್ಟಿ ಒಳ್ಳೆಯದು.

ತೂಕ ಸರಿ ಇದ್ದರೂ ಓಲಾಡಿದರೆ

ಆಗ ಟೈರ್ ನೋಡಿ. ಟ್ರೇಲರ್ ಟೈರಿನ ಗಾಳಿಯನ್ನು ತಣ್ಣಗಿರುವಾಗ, ಟೈರ್ ಮೇಲೆ ಬರೆದಷ್ಟು ತುಂಬಿ. ಪಿಕಪ್ಪಿನ ಹಿಂದಿನ ಟೈರಿಗೆ ಬಾಗಿಲ ಹತ್ತಿರದ ಚೀಟಿಯಲ್ಲಿ ಪೂರ್ತಿ ಲೋಡಿಗೆ ಹೇಳಿದ ಗಾಳಿ. ಗಾಳಿ ಕಡಿಮೆ ಇದ್ದರೆ ಟೈರಿನ ಗೋಡೆ ಬಳುಕಿ ಓಲಾಟಕ್ಕೆ ದಾರಿ ಮಾಡಿಕೊಡುತ್ತದೆ. ಟೈರಿನ ವಯಸ್ಸನ್ನೂ ನೋಡಿ. ಗೋಡೆಯ ಮೇಲೆ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಆದ ಟೈರ್. ವರ್ಷದಲ್ಲಿ ಹತ್ತು ತಿಂಗಳು ಅಂಗಳದಲ್ಲೇ ನಿಲ್ಲುವ ಟ್ರೇಲರಿನ ಟೈರು ಸವೆಯುವುದಿಲ್ಲ, ಒಣಗಿ ಬಿರುಕು ಬಿಡುತ್ತದೆ. ಟೈರಿನ ಗೀರುಗಳ ಆಳ ನೋಡಿ ಮೋಸ ಹೋಗಬೇಡಿ. ಟೈರ್ ಎಷ್ಟು ಭಾರ ಹೊರುತ್ತದೆ ಎಂದು ಹೇಳುವ ಲೋಡ್ ನಂಬರ್ ಕೂಡ ಲೆಕ್ಕ ಹಾಕಿ: 95 ಅಂದರೆ ಒಂದು ಟೈರಿಗೆ 690 ಕಿಲೋ, 100 ಅಂದರೆ 800, 104 ಅಂದರೆ 900.

ಮುಂದಿನದು ಎತ್ತರ. ಕಟ್ಟಿದ ಮೇಲೆ ಪಕ್ಕದಿಂದ ನೋಡಿದರೆ ಟ್ರೇಲರ್ ಮಟ್ಟಸವಾಗಿರಬೇಕು, ಇಲ್ಲವೇ ಮೂಗು ಒಂಚೂರು ಕೆಳಗೆ. ಮೂಗು ಮೇಲೆದ್ದಿದ್ದರೆ ಹಿಂದಿನ ಆಕ್ಸಲಿಗೇ ಭಾರವೆಲ್ಲ ಬೀಳುತ್ತದೆ, ಎರಡು ಆಕ್ಸಲ್ ಇದ್ದೂ ಒಂದೇ ಇದ್ದಂತೆ. ಪಿಕಪ್ ಎತ್ತರದ ಗಾಡಿ, ಅದಕ್ಕೇ ಬಾಲ್ ಇರುವ ಪಟ್ಟಿ ಕೆಳಕ್ಕೆ ಇಳಿದಿರುವಂಥದ್ದು ಬೇಕಾಗುತ್ತದೆ.

ಆಮೇಲೆ ವೇಗ. 60ರಲ್ಲಿ ಸುಮ್ಮನಿದ್ದದ್ದು 75ರಲ್ಲಿ ಕುಣಿಯುತ್ತದೆ. ಕಾರವಾರದ ಕಾಳಿ ಸೇತುವೆಯ ಮೇಲೆ ನಾನು 40 ದಾಟುವುದಿಲ್ಲ. ಅಲ್ಲಿ ಸಮುದ್ರದ ಗಾಳಿ ಅಡ್ಡ ಹೊಡೆಯುತ್ತದೆ. ಜೊತೆಗೆ 2024ರ ಆಗಸ್ಟ್ 7ರಂದು ಹಳೆ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ಓಡಾಟ ಹೊಸ ಸೇತುವೆಯ ಮೇಲೇ ಆಯಿತು. ಎದುರಿನ ಲಾರಿ ತೀರಾ ಹತ್ತಿರ ಹಾದು ಗಾಳಿಯಲ್ಲೇ ಟ್ರೇಲರನ್ನು ಒಮ್ಮೆ ದೂಡುತ್ತದೆ.

ಓಲಾಟ ಶುರುವಾಗೇ ಬಿಟ್ಟರೆ? ಎಕ್ಸಲರೇಟರ್‌ನಿಂದ ಕಾಲು ತೆಗೆಯಿರಿ. ಸ್ಟೀರಿಂಗನ್ನು ನೇರ ಹಿಡಿದುಕೊಳ್ಳಿ, ಟ್ರೇಲರ್ ಆಡಿದಂತೆ ನೀವೂ ತಿರುಗಿಸಬೇಡಿ. ಪಿಕಪ್ಪಿನ ಬ್ರೇಕ್ ಜೋರಾಗಿ ತುಳಿದರೆ ಮುಂದಿನ ಗಾಡಿ ನಿಲ್ಲುತ್ತದೆ, ಹಿಂದಿನದು ದೂಡುತ್ತದೆ, ಎರಡೂ ಕತ್ತರಿಯಂತೆ ಮಡಚುತ್ತವೆ. ನಾನು ಅಂದು ಮಾಡಿದ್ದು ಇದನ್ನೇ. ಟ್ರೇಲರಿಗೆ ಕರೆಂಟಿನ ಬ್ರೇಕ್ ಇದ್ದು, ಡ್ರೈವರ್ ಹತ್ತಿರ ಕಂಟ್ರೋಲರ್ ಇದ್ದರೆ, ಅದರ ಕೈಗುಂಡಿಯನ್ನು ಮಾತ್ರ ಮೆತ್ತಗೆ ಒತ್ತಿ. ಹಿಂದಿನ ಗಾಡಿ ಹಿಂದಕ್ಕೆ ಎಳೆದುಕೊಂಡು ತಾನೇ ನೆಟ್ಟಗಾಗುತ್ತದೆ. ವೇಗ ಹೆಚ್ಚಿಸಿ ನೆಟ್ಟಗೆ ಮಾಡುತ್ತೇನೆ ಎನ್ನುವವರ ಮಾತು ಕೇಳಬೇಡಿ.

ಹಿಂಭಾಗ ಕೂತು ಹೆಡ್‌ಲೈಟ್ ಮರ ನೋಡುತ್ತಿದ್ದರೆ

ಇದು ಮೊದಲನೆಯದರ ಉಲ್ಟಾ. ಮೂಕಿ ಭಾರ ಜಾಸ್ತಿ, ಅಥವಾ ಪಿಕಪ್ಪಿನ ಬೆನ್ನಲ್ಲೇ ಸಾಮಾನು ಜಾಸ್ತಿ. ಒಂದು ಮಾತು ಎಲ್ಲರೂ ಮರೆಯುತ್ತಾರೆ: ಮೂಕಿ ಭಾರವೂ ಪಿಕಪ್ ಹೊರುವ ಭಾರದಲ್ಲೇ ಸೇರಿದ್ದು. 220 ಕಿಲೋ ಮೂಕಿ, ಐದು ಜನ, ಸೈಕಲ್ಲು, ಒಂದು ಮೂಟೆ ಅಕ್ಕಿ, ಎಲ್ಲ ಕೂಡಿಸಿ ನೋಡಿ. ಕಟ್ಟುವ ಮೊದಲು, ಕಟ್ಟಿದ ಮೇಲೆ ನಾಲ್ಕೂ ಚಕ್ರದ ಮೇಲಿನ ಕಮಾನಿನ ಎತ್ತರ ಅಳೆದು ಬರೆದುಕೊಳ್ಳಿ. ಮುಂಭಾಗ ಮೇಲೆದ್ದಷ್ಟೂ ಮುಂದಿನ ಟೈರಿನ ಹಿಡಿತ ಕಡಿಮೆ. ಮಳೆಯಲ್ಲಿ ತಿರುವಿನಲ್ಲಿ ಗೊತ್ತಾಗುತ್ತದೆ.

ಹೊರಡುವಾಗ, ನಿಲ್ಲಿಸುವಾಗ ಧಡ್ ಎಂಬ ಸದ್ದು

ಇದನ್ನು ಹುಡುಕಲು ನನಗೆ ಒಂದು ಮಧ್ಯಾಹ್ನ ಹೋಯಿತು. ಬಾಲ್ ಮತ್ತು ಕಪ್ಲರ್ ಒಂದೇ ಅಳತೆಯದಲ್ಲ. ಬಾಲ್ 50 ಮಿಲಿಮೀಟರಿನದು, ಕಪ್ಲರ್ 2 ಇಂಚಿನದು, ಅಂದರೆ 50.8. ಈ 0.8 ಮಿಲಿಮೀಟರ್ ಹೊಂದಾಣಿಕೆಯ ಬೋಲ್ಟಿನಲ್ಲಿ ಸರಿಹೋಗುತ್ತದೆ, ಸದ್ದು ಮಾತ್ರ ಮಾಡುತ್ತದೆ. ಅಪಾಯದ್ದು ಬೇರೆ. 1 ಮುಕ್ಕಾಲು ಇಂಚಿಗಿಂತ ಸ್ವಲ್ಪ ದೊಡ್ಡದಾದ, 47.6 ಮಿಲಿಮೀಟರಿನ ಬಾಲ್ ಕೂಡ ಬರುತ್ತದೆ. ಕಣ್ಣಿಗೆ ಎರಡೂ ಒಂದೇ. ಅದರ ಮೇಲೆ 2 ಇಂಚಿನ ಕಪ್ಲರ್ ಕೂರಿಸಿದರೆ ರಸ್ತೆಯ ದೊಡ್ಡ ಗುಂಡಿಯಲ್ಲಿ ಒಂದು ದಿನ ಕಳಚಿಕೊಂಡೇ ಬರುತ್ತದೆ. ಬಾಲ್ ಮೇಲೆ ಕೊರೆದ ಅಳತೆ ಓದಿ. ತುಕ್ಕು ಹಿಡಿದು ಕಾಣದಿದ್ದರೆ ವರ್ನಿಯರ್ ಹಿಡಿದು ಅಳೆಯಿರಿ.

ಕಪ್ಲರ್ ನಿಜವಾಗಿ ಕೂತಿದೆಯೇ ಎಂದು ನೋಡಲು: ಲಾಕ್ ಹಾಕಿದ ಮೇಲೆ ಮೂಕಿಯ ಜಾಕ್ ತಿರುಗಿಸಿ ಮೇಲೆತ್ತಿ. ಪಿಕಪ್ಪಿನ ಹಿಂಭಾಗವೂ ಜೊತೆಗೆ ಏಳಬೇಕು. ಏಳದೆ ಕಪ್ಲರ್ ಮಾತ್ರ ಎದ್ದು ಬಂದರೆ ಅದು ಬಾಲ್ ಮೇಲೆ ಸುಮ್ನೆ ಕೂತಿತ್ತು ಅಷ್ಟೇ. ಸುರಕ್ಷತೆಯ ಸರಪಳಿಗಳನ್ನು ಕೆಳಗಿನಿಂದ ಅಡ್ಡಡ್ಡ ದಾಟಿಸಿ ಕಟ್ಟಿ, ಮೂಕಿ ಬಿದ್ದರೂ ತೊಟ್ಟಿಲಲ್ಲಿ ಬಿದ್ದಂತೆ ನಿಲ್ಲುತ್ತದೆ, ರಸ್ತೆಗೆ ನಾಟುವುದಿಲ್ಲ.

ಘಟ್ಟ ಹತ್ತುವಾಗ ಬಿಸಿ

ದೀವಗಿಯಲ್ಲಿ ಹೆದ್ದಾರಿ ಬಿಟ್ಟು ಕತಗಾಲ ದಾಟಿದರೆ ದೇವಿಮನೆ ಘಟ್ಟ. ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿದರೆ, ಗಾಡಿ ಯಾವ ವೇಗದಲ್ಲಿದ್ದಾಗ ಏರುತ್ತದೆ ಎಂದು ನೋಡಿ. ನಿಧಾನ ಹತ್ತುವಾಗ ಮಾತ್ರ ಏರಿ, ಬಯಲಲ್ಲಿ ಇಳಿದರೆ ಫ್ಯಾನ್ ಕಡೆಯ ದೋಷ. ಬಯಲಲ್ಲಿ ವೇಗ ಹೋದಷ್ಟೂ ಏರಿದರೆ ರೇಡಿಯೇಟರ್ ಕಟ್ಟಿದೆ, ಅಥವಾ ನೀರು ಓಡುತ್ತಿಲ್ಲ. ರೇಡಿಯೇಟರ್ ಮುಂದಿನ ಜಾಲರಿಯಲ್ಲಿ ಕೆಂಪು ಧೂಳು, ಹುಳ ತುಂಬಿರುತ್ತವೆ. ಹಿಂದಿನಿಂದ ಮುಂದಕ್ಕೆ ನೀರು ಹೊಡೆದು ತೊಳೆಯಿರಿ. ಎಳೆತ ಕಡಿಮೆಯಾಗಿ ಕಪ್ಪು ಹೊಗೆ ಬಂದರೆ ಟರ್ಬೊ ಗಾಳಿಯ ಪೈಪು ಎಲ್ಲೋ ಸೋರುತ್ತಿದೆ. ಕ್ಲಿಪ್ಪುಗಳ ಸುತ್ತ ಎಣ್ಣೆ ಒದ್ದೆ ಕಂಡರೆ ಅಲ್ಲೇ.

ಆಟೋಮ್ಯಾಟಿಕ್ ಗೇರಿನವರು ಅದರ ಮರ್ಜಿಗೆ ಬಿಡಬೇಡಿ. ಮ್ಯಾನ್ಯುವಲ್‌ಗೆ ಹಾಕಿ ಕೆಳಗಿನ ಗೇರಿನಲ್ಲಿ ಹತ್ತಿ. ಗೇರು ಮೇಲೆ ಕೆಳಗೆ ಹಾರುತ್ತಿದ್ದರೆ ಅದರ ಎಣ್ಣೆ ಕಾಯುತ್ತದೆ. ಮುಳ್ಳು ಹತೋಟಿಗೆ ಬರದಿದ್ದರೆ ಏಸಿ ಆರಿಸಿ ಹೀಟರ್ ಪೂರ್ತಿ ಹಾಕಿ. ಒಳಗಿದ್ದವರು ಬೈಯುತ್ತಾರೆ, ಬೈಯಲಿ.

ಘಟ್ಟ ಇಳಿಯುವಾಗ, ಮತ್ತು ಕೈಯಲ್ಲಿ ಮುಟ್ಟಿ ನೋಡುವ ಪರೀಕ್ಷೆ

ಹತ್ತುವಾಗ ಕೆಟ್ಟರೆ ನಿಲ್ಲುತ್ತೇವೆ. ಇಳಿಯುವಾಗ ಕೆಟ್ಟರೆ ನಿಲ್ಲುವುದಿಲ್ಲ. ದೇವಿಮನೆಯಾಗಲಿ, ಅಂಕೋಲಾ–ಯಲ್ಲಾಪುರ ದಾರಿಯ ಅರಬೈಲಾಗಲಿ, ಇಳಿಯುವ ಮೊದಲೇ ಕೆಳಗಿನ ಗೇರಿಗೆ ಬನ್ನಿ. ಬ್ರೇಕನ್ನು ಉದ್ದಕ್ಕೂ ಮೆತ್ತಗೆ ಒತ್ತಿಕೊಂಡಿರಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಡಿ.

ಪೆಡಲ್ ಮೆತ್ತಗಾಗಿ ಒಳಗೆ ಹೋದರೆ ಬ್ರೇಕ್ ಆಯಿಲ್ ಕುದ್ದಿದೆ. ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಎಣ್ಣೆ ಹೊಸತಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯಬಹುದು. ಕಾರವಾರದ ಮಳೆಗಾಲ ಕಂಡವರಿಗೆ ತೇವ ಎಂದರೇನೆಂದು ಹೇಳಬೇಕಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸುತ್ತೇನೆ, ಕಿಲೋಮೀಟರ್ ಎಷ್ಟೇ ಆಗಿರಲಿ.

ಪೆಡಲ್ ಗಟ್ಟಿ ಇದೆ, ಆದರೂ ಟ್ರೇಲರ್ ಹಿಂದಿನಿಂದ ದೂಡುತ್ತಿದೆ ಎನಿಸಿದರೆ ಟ್ರೇಲರಿನ ಬ್ರೇಕ್ ಕೆಲಸ ಮಾಡುತ್ತಿಲ್ಲ. ನಾಲ್ಕರಲ್ಲಿ ಯಾವ ಚಕ್ರದ್ದು? ಇಳಿದು ಬಂದು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ನಡುವಿನ ನಾಲ್ಕೂ ಹಬ್‌ಗಳ ಹತ್ತಿರ ಅಂಗೈ ಹಿಂಭಾಗ ತನ್ನಿ. ಥಟ್ಟನೆ ಮುಟ್ಟಬೇಡಿ, ಮೊದಲು ದೂರದಿಂದ ಕಾವು ನೋಡಿ. ನಾಲ್ಕೂ ಒಂದೇ ಥರ ಬಿಸಿ ಇದ್ದರೆ ಸರಿ. ಮೂರು ಬಿಸಿ, ಒಂದು ತಣ್ಣಗಿದ್ದರೆ ಆ ತಣ್ಣನೆಯದು ಕಳ್ಳ, ದುಡಿಯುತ್ತಿಲ್ಲ. ಒಂದು ಮಾತ್ರ ಕೆಂಡದಂತಿದ್ದರೆ ಬ್ರೇಕ್ ಬಿಡದೆ ಹಿಡಿದಿದೆ, ಅಥವಾ ಬೇರಿಂಗ್ ಹೋಗುತ್ತಿದೆ. ದೂರದಿಂದ ಶಾಖ ಅಳೆಯುವ ಪಿಸ್ತೂಲಿನಂಥ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು.

ಮಳೆಗಾಲದಲ್ಲಿ ಈ ಪರೀಕ್ಷೆಗೆ ಗುಡ್ಡ ಕಡಿದ ಜಾಗದಲ್ಲಿ ನಿಲ್ಲಿಸಬೇಡಿ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಸಿಕ್ಕಿಕೊಂಡದ್ದು ಹೆದ್ದಾರಿ ಬದಿಯ ಚಹಾ ಅಂಗಡಿ ಮತ್ತು ಅಲ್ಲಿ ನಿಂತಿದ್ದ ವಾಹನಗಳು. ಎರಡು ಕಿಲೋಮೀಟರ್ ಮುಂದೆ ಹೋಗಿ ಬಯಲು ಸಿಕ್ಕ ಮೇಲೆ ನೋಡಿದರೆ ಹಬ್ಬಿನ ಬಿಸಿ ಆರಿಹೋಗುವುದಿಲ್ಲ.

ನಮ್ಮದರಲ್ಲಿ ಎಡಗಡೆ ಹಿಂದಿನ ಹಬ್ ತಣ್ಣಗಿತ್ತು. ಇದರ ಬ್ರೇಕ್ ಕರೆಂಟಿನದು. ಪ್ರತಿ ಡ್ರಮ್ಮಿನೊಳಗೆ ಒಂದು ಮ್ಯಾಗ್ನೆಟ್, ಕರೆಂಟ್ ಹರಿದಾಗ ಡ್ರಮ್ಮಿಗೆ ಅಂಟಿಕೊಂಡು ಶೂ ಅನ್ನು ಅಗಲಿಸುತ್ತದೆ. ಒಂದೊಂದು ಮ್ಯಾಗ್ನೆಟ್ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆಯುತ್ತದೆ. ಬ್ರೇಕಿನ ತಂತಿಯ ಮಧ್ಯೆ ಆಂಪಿಯರ್ ಮೀಟರ್ ಸೇರಿಸಿ, ಕಂಟ್ರೋಲರಿನ ಕೈಗುಂಡಿ ಪೂರ್ತಿ ಒತ್ತಿದರೆ ನಾಲ್ಕು ಚಕ್ರಕ್ಕೆ 12 ಆಸುಪಾಸು ಬರಬೇಕು. ನಮಗೆ 9 ಬಂತು. ಅಂದರೆ ಒಂದು ಮ್ಯಾಗ್ನೆಟ್ಟಿಗೆ ಕರೆಂಟೇ ಹೋಗುತ್ತಿಲ್ಲ. ಸೊನ್ನೆ ಬಂದಿದ್ದರೆ ಫ್ಯೂಸ್ ಅಥವಾ ಮುಖ್ಯ ತಂತಿ. 12ಕ್ಕಿಂತ ತುಂಬಾ ಜಾಸ್ತಿ ಬಂದರೆ ಎಲ್ಲೋ ತಂತಿ ಸಿಪ್ಪೆ ಹೋಗಿ ಕಬ್ಬಿಣಕ್ಕೆ ತಾಗಿದೆ.

ಮ್ಯಾಗ್ನೆಟ್ಟಿನ ಎರಡು ತಂತಿ ಬಿಚ್ಚಿ ಮಲ್ಟಿಮೀಟರಿನಲ್ಲಿ ನೋಡಿದೆ. 3ರಿಂದ 4 ಓಮ್ ಬರಬೇಕು, ಬಂತು. ಹಾಗಾದರೆ ಮ್ಯಾಗ್ನೆಟ್ ಚೆನ್ನಾಗಿದೆ, ದಾರಿಯಲ್ಲಿ ದೋಷ. ಆಕ್ಸಲ್ ಪೈಪಿನ ಪಕ್ಕದಲ್ಲಿ ಟೇಪು ಸುತ್ತಿದ ಜೋಡಣೆ ಇತ್ತು. ಬಿಚ್ಚಿದರೆ ತಾಮ್ರ ಹಸಿರು ಕಿಲುಬು ಹಿಡಿದು ಪುಡಿಪುಡಿ. ಕತ್ತರಿಸಿ, ಹೊಸ ತಂತಿ ಸೇರಿಸಿ ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ತೋಳು ಹಾಕಿದೆ. ಮೀಟರ್ 12 ತೋರಿಸಿತು. ಖರ್ಚು ಒಂದು ಮೀನೂಟದಷ್ಟೂ ಇಲ್ಲ.

ಬ್ರೇಕ್ ಬಿಡದೆ ಹಿಡಿದಿದ್ದರೆ ಮೂಕಿಯ ಹತ್ತಿರದ ತುರ್ತು ಸ್ವಿಚ್ ನೋಡಿ. ಟ್ರೇಲರ್ ಕಳಚಿಕೊಂಡರೆ ತಂತಿಯ ಪಿನ್ ಕಿತ್ತುಬಂದು ಟ್ರೇಲರಿನ ಸ್ವಂತ ಬ್ಯಾಟರಿಯಿಂದ ಬ್ರೇಕ್ ಹಿಡಿಯಬೇಕು, ಅದಕ್ಕೆ ಇರುವುದು ಅದು. ಪಿನ್ ಅರ್ಧ ಹೊರಗೆ ಬಂದಿದ್ದರೆ ಬ್ರೇಕ್ ಸದಾ ಹಿಡಿದೇ ಇರುತ್ತದೆ. ಆ ಸಣ್ಣ ಬ್ಯಾಟರಿ ಸತ್ತಿದ್ದರೆ ಬೇಕಾದ ದಿನ ಹಿಡಿಯುವುದೇ ಇಲ್ಲ.

ಎಡಕ್ಕೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟ್ ಮಿಣುಕುತ್ತದೆ

ಇಂಥ ಹುಚ್ಚಾಟ ಕಂಡರೆ ಬಲ್ಬು, ಫ್ಯೂಸು ಮುಟ್ಟಬೇಡಿ. ಅರ್ಥ್ ಹೋಗಿದೆ. ವಾಪಸ್ ಹೋಗಲು ದಾರಿ ಇಲ್ಲದ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಉಪ್ಪುಗಾಳಿಯ ಊರಲ್ಲಿ ಹತ್ತರಲ್ಲಿ ಎಂಟು ಸಲ ಇದೇ ಎಂಬುದು ನನ್ನ ಅನುಭವ.

ಪರೀಕ್ಷೆ: ಲೈಟ್ ಹಾಕಿಟ್ಟು, ಮಲ್ಟಿಮೀಟರಿನ ಒಂದು ಕಡ್ಡಿ ಪಿಕಪ್ಪಿನ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಟ್ರೇಲರ್ ದೀಪದ ಅರ್ಥ್ ತಂತಿಗೆ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ದಾರಿಯಲ್ಲಿ ಅಡ್ಡಿ ಇದೆ. ಮೀಟರ್ ಇಲ್ಲವೇ? ಉದ್ದ ತಂತಿಯೊಂದನ್ನು ಬ್ಯಾಟರಿ ಮೈನಸ್‌ನಿಂದ ಟ್ರೇಲರಿನ ಅರ್ಥ್‌ಗೆ ತಾತ್ಕಾಲಿಕವಾಗಿ ಕಟ್ಟಿ. ಲೈಟುಗಳು ಬುದ್ಧಿ ಕಲಿತರೆ ರೋಗ ಸಿಕ್ಕಿತು. ಬಾಲ್ ಮತ್ತು ಕಪ್ಲರಿನ ಮೂಲಕವೇ ಅರ್ಥ್ ಆಗುತ್ತದೆ ಎಂದು ಬಿಟ್ಟವರಿದ್ದಾರೆ. ಅಲ್ಲಿ ಗ್ರೀಸ್ ಇದೆ, ತುಕ್ಕಿದೆ. ಬೇರೆ ತಂತಿಯೇ ಬೇಕು.

ಏಳು ಪಿನ್ನಿನ ಪ್ಲಗ್ ಎರಡು ಮಾದರಿಯದು ಸಿಗುತ್ತದೆ: ದುಂಡು ಪಿನ್ನಿನ ಯುರೋಪ್ ಮಾದರಿ, ಚಪ್ಪಟೆ ಪಿನ್ನಿನ ಅಮೆರಿಕ ಮಾದರಿ. ಬಣ್ಣ ನಂಬಿ ಜೋಡಿಸಿದರೆ ಕೆಟ್ಟಿರಿ. ಒಂದರಲ್ಲಿ ನೀಲಿ ಎಂದರೆ ಹಿಂದಿನ ಮಂಜಿನ ದೀಪ, ಇನ್ನೊಂದರಲ್ಲಿ ನೀಲಿ ಎಂದರೆ ಟ್ರೇಲರಿನ ಬ್ರೇಕ್. ಬಿಳಿ ಮಾತ್ರ ಎರಡರಲ್ಲೂ ಅರ್ಥ್. ಉಳಿದದ್ದನ್ನು ಟೆಸ್ಟ್ ಲ್ಯಾಂಪ್ ಹಿಡಿದು ಒಂದೊಂದಾಗಿ ನೋಡಿ. ಇಂಡಿಕೇಟರ್ ಜೋರಾಗಿ ಬಡಿದುಕೊಂಡರೆ ಒಂದು ಬಲ್ಬ್ ಸತ್ತಿದೆ, ಅದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಬೇರಿಂಗ್, ಉಪ್ಪು, ಮಳೆಗಾಲ

ಚಕ್ರ ಜಾಕ್ ಮೇಲೆತ್ತಿ, ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲುಗಿಸಿ. ಲಟಕ್ ಎಂದರೆ ಬೇರಿಂಗ್ ಸಡಿಲ. ತಿರುಗಿಸಿದಾಗ ಕರಕರ ಎಂದರೆ ಸವೆದಿದೆ. ಮುಚ್ಚಳ ತೆಗೆದಾಗ ಗ್ರೀಸ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಹೊಕ್ಕಿದೆ. ಎಲ್ಲ ತೊಳೆದು ಹೊಸ ಗ್ರೀಸ್, ಹೊಸ ಸೀಲ್. ವರ್ಷಕ್ಕೊಮ್ಮೆ ಎನ್ನುವುದು ಸಾಮಾನ್ಯ ಲೆಕ್ಕ. ನಾನು ಮಳೆಗಾಲ ಮುಗಿದ ಕೂಡಲೇ ಮಾಡುತ್ತೇನೆ.

ದೋಣಿಯ ಟ್ರೇಲರ್ ಇಟ್ಟುಕೊಂಡ ಪರಿಚಯದವರೊಬ್ಬರು ಪ್ರತಿ ವರ್ಷ ಬೇರಿಂಗ್ ಕಳೆದುಕೊಳ್ಳುತ್ತಿದ್ದರು. ದೂರದಿಂದ ಓಡಿಸಿಕೊಂಡು ಬಂದವರೇ ಸೀದಾ ಟ್ರೇಲರನ್ನು ನೀರಿಗೆ ಇಳಿಸುವುದು ಅವರ ಅಭ್ಯಾಸ. ಬಿಸಿ ಹಬ್ ತಣ್ಣೀರಿಗೆ ಬಿದ್ದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ಉಪ್ಪುನೀರನ್ನು ಹೀರಿಕೊಳ್ಳುತ್ತದೆ. ಈಗ ಅವರು ದಂಡೆಯಲ್ಲಿ ಒಂದು ಚಹಾ ಕುಡಿದು ಅರ್ಧ ಗಂಟೆ ಕಾಯುತ್ತಾರೆ, ಮೇಲೆ ತಂದ ಮೇಲೆ ಸಿಹಿನೀರಿನಲ್ಲಿ ತೊಳೆಯುತ್ತಾರೆ.

ಟ್ರೇಲರಿಗೆ ಬೇರೆಯದೇ ಆರ್‌ಸಿ, ಬೇರೆಯದೇ ನಂಬರ್ ಇರುತ್ತದೆ. ಕಾರವಾರದ ಕೆಎ 30 ಪಿಕಪ್ಪಿಗೆ ಶಿರಸಿಯ ಕೆಎ 31 ಟ್ರೇಲರ್ ಕಟ್ಟಿದರೂ ತಪ್ಪಿಲ್ಲ, ಎರಡೂ ಕಾಗದ ಜೊತೆಗಿರಲಿ. ಅದರ ಜೊತೆಗೇ ನಾನು ಆ ಮೂರು ವೇಬ್ರಿಜ್ ಚೀಟಿಗಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ಕಳೆದ ಸಲ ಹೋದಾಗ ದೊಡ್ಡಪ್ಪ ಅದನ್ನು ಕೇಳಿ ತೆಗೆಸಿ ನೋಡಿದರು, ಆಮೇಲೂ ನಂಬಿಕೆ ಬರದೆ ಅಂಗಳಕ್ಕೆ ಇಳಿದು ತಾವೇ ಮೂಕಿ ಎತ್ತಲು ನೋಡಿದರು. ಏಳಲಿಲ್ಲ. "ಹ್ಞಾಂ, ಈಗ ಸರಿ" ಎಂದು ಒಳಗೆ ಹೋದರು.